ತ್ರೀಡಿ ಚಿತ್ರದಲ್ಲಿ ಮೇ ತಿಂಗಳ ಬಿಸಿಲನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಮೂವತ್ತು ವರ್ಷ ಮನೆಗಳ ನಕ್ಷೆ ಬರೆದವನು ನಾನು. ಮೊದಲೆಲ್ಲ ಟ್ರೇಸಿಂಗ್ ಪೇಪರ್, ಟಿ-ಸ್ಕ್ವೇರ್, ಇಂಕ್ ಪೆನ್ನು. ಗೆರೆ ತಪ್ಪಿದರೆ ಬ್ಲೇಡಿನಿಂದ ಮೆಲ್ಲಗೆ ಕೆರೆದು ಮತ್ತೆ ಎಳೆಯಬೇಕು. ಅಡುಗೆಮನೆ ಒಂದಡಿ ದೊಡ್ಡದಾಗಲಿ ಎಂದು ಮನೆಯವರು ಅಂದರೆ ಪ್ಲಾನ್, ಸೆಕ್ಷನ್ (ಮನೆಯನ್ನು ಸೀಳಿದಂತೆ ತೋರಿಸುವ ಚಿತ್ರ), ಎಲಿವೇಶನ್ (ಹೊರಗಿನಿಂದ ಕಾಣುವ ಚಿತ್ರ) ಮೂರನ್ನೂ ತಿದ್ದಬೇಕು, ಒಂದರಲ್ಲಿ ಮರೆತರೆ ಮೇಸ್ತ್ರಿ ಗೋಡೆ ಎಬ್ಬಿಸಿದ ಮೇಲೇ ಅದು ಗೊತ್ತಾಗುತ್ತಿತ್ತು.

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್ ಬಂದದ್ದು 1982ರಲ್ಲಿ. ನಮ್ಮ ಕಡೆ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಈಗ ಅಂಥದೇ ಇನ್ನೊಂದು ಸಾಫ್ಟ್‌ವೇರ್ ರೆವಿಟ್‌ನಲ್ಲಿ ಗೋಡೆಯನ್ನು ಒಂದು ಕಡೆ ಸರಿಸಿದರೆ ಎಲ್ಲ ಹಾಳೆಗಳಲ್ಲೂ ಸರಿಯುತ್ತದೆ. ಪೈಪು ಬೀಮಿಗೆ ಅಡ್ಡ ಬಂದರೆ ಕಟ್ಟುವ ಮೊದಲೇ ಕಾಣುತ್ತದೆ. 2023ರಲ್ಲಿ ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟ್‌ನ ಅಂಚೆ ಕಚೇರಿಯನ್ನು ಯಂತ್ರವೇ ಪದರ ಪದರವಾಗಿ ಕಾಂಕ್ರೀಟ್ ಹಾಕಿ ಕಟ್ಟಿತು. ಇದೆಲ್ಲ ನನಗೆ ಖುಷಿಯ ವಿಷಯವೇ.

ಬೇಸರ ಬೇರೆ ಇದೆ. ಸಾಮಾನ್ಯ ಮನೆ ಕಟ್ಟುವವರ ಕೈಗೆ ಇದರಲ್ಲಿ ಸಿಗುವುದು ಮೊಬೈಲಿಗೆ ಬಂದ ಒಂದು ತ್ರೀಡಿ ಎಲಿವೇಶನ್ ಮಾತ್ರ. ನನ್ನ ತಮ್ಮನ ಮಗ ಹೋದ ವರ್ಷ ಮನೆ ಕಟ್ಟಿಸಿದ. ಪಶ್ಚಿಮಕ್ಕೆ ಮುಖ ಮಾಡಿದ ಸೈಟು. ಸೈಟನ್ನು ಒಮ್ಮೆಯೂ ನೋಡದ ಡಿಸೈನರ್ ಒಬ್ಬರು ಚಿತ್ರ ಕಳಿಸಿದರು, ಅದರಲ್ಲಿ ನೆಲದಿಂದ ಎಂಟಡಿ ಗಾಜು, ಸಜ್ಜಾ ಇಲ್ಲ, ಹುಲ್ಲು, ಕಾರು, ತಂಪಾದ ಆಕಾಶ. ಮನೆಯವರೆಲ್ಲ ಒಪ್ಪಿಬಿಟ್ಟರು. ಈ ಏಪ್ರಿಲ್‌ನಿಂದ ಮಧ್ಯಾಹ್ನ ಮೂರಾದರೆ ಹಾಲಿನಲ್ಲಿ ಕೂರಲು ಆಗುತ್ತಿಲ್ಲ. ಪರದೆ ಎಳೆದು, ಹಗಲಲ್ಲೇ ಲೈಟ್ ಹಾಕಿಕೊಂಡು ಇರುತ್ತಾರೆ. ಕಲಬುರಗಿಯ ಬಿಸಿಲು ಯಾರಿಗೆ ಗೊತ್ತಿಲ್ಲ ಹೇಳಿ.

ನೋವಾಗುವುದು ಯಾಕೆಂದರೆ, ಇದನ್ನು ಮೊದಲೇ ನೋಡಬಹುದಿತ್ತು. ತ್ರೀಡಿ ಚಿತ್ರ ಮಾಡುವ ಸಾಫ್ಟ್‌ವೇರ್ ಸ್ಕೆಚ್‌ಅಪ್‌ನಲ್ಲಿ ಊರು, ತಾರೀಖು, ಗಂಟೆ ಕೊಟ್ಟರೆ ನೆರಳು ಎಲ್ಲಿ ಬೀಳುತ್ತದೆಂದು ತೋರಿಸುತ್ತದೆ. ಅವನ ಜೊತೆ ಕೂತು ಮೇ 15, ಸಂಜೆ ನಾಲ್ಕು ಗಂಟೆ ಎಂದು ಹಾಕಿ ನೋಡಿದೆ. ಬಿಸಿಲು ಹತ್ತಡಿ ಒಳಗೆ, ಸೋಫಾದವರೆಗೂ ಬಂದಿತ್ತು. ಎರಡಡಿ ಸಜ್ಜಾ ಹಾಕಿ ನೋಡಿದೆವು, ಗಾಜಿನ ಮೇಲ್ಗಡೆ ಒಂದೂವರೆ ಅಡಿಗೆ ಮಾತ್ರ ನೆರಳು. ಸಂಜೆ ಸೂರ್ಯ ಕೆಳಗಿಳಿದಿರುತ್ತಾನೆ ಅಲ್ವಾ, ಸಜ್ಜಾ ಒಂದೇ ಸಾಲದು, ಪಶ್ಚಿಮಕ್ಕೆ ತೂತುಗಳಿರುವ ಜಾಲಿ ಗೋಡೆಯೋ ಹೊಂಗೆ ಮರವೋ ಬೇಕು. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ: ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮೂರಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿರುತ್ತಾನೆ. ಉತ್ತರದ ಕಿಟಕಿಗೆ ಸಜ್ಜಾ ಯಾಕೆ ಎಂದು ಕೇಳುವವರು ಇದನ್ನೊಮ್ಮೆ ನೋಡಬೇಕು.

ಮನೆ ಕಟ್ಟುವವರೇ, ತ್ರೀಡಿ ಚಿತ್ರ ಬಂದಾಗ ಬಣ್ಣ ಬದಲಿಸಿ ಎಂದು ಹೇಳುವ ಮೊದಲು ಮೇ ತಿಂಗಳ ನಾಲ್ಕು ಗಂಟೆಯ ನೆರಳು ತೋರಿಸಿ ಎಂದು ಕೇಳಿ. ಹತ್ತು ನಿಮಿಷದ ಕೆಲಸ, ಜಾಸ್ತಿ ಖರ್ಚಿಲ್ಲ. ಪಾಲಿಕೆಗಳೂ ಪರವಾನಗಿಗೆ ಬರುವ ನಕ್ಷೆಯ ಜೊತೆ ಇಂಥ ನೆರಳಿನ ಹಾಳೆ ಒಂದನ್ನು ಕೇಳಲಿ. ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡುವ ಖಾಲಿ ಜಾಗ) ಅಳೆಯುವಷ್ಟೇ ಇದೂ ಮುಖ್ಯ.

ತಮ್ಮನ ಮಗ ಈಗ ಆ ಗಾಜಿನ ಮುಂದೆ ಇಟ್ಟಿಗೆಯ ಜಾಲಿ ಕಟ್ಟಿಸುತ್ತಿದ್ದಾನೆ. ನಕ್ಷೆ ನಾನೇ ಮಾಡಿಕೊಟ್ಟೆ, ಕಂಪ್ಯೂಟರಿನಲ್ಲೇ, ನೆರಳು ನೋಡಿಕೊಂಡು.

– ನಿವೃತ್ತ ಡ್ರಾಫ್ಟ್ಸ್‌ಮನ್, ಕಲಬುರಗಿ