ಹೊಡೆದಾಟದ ಲೆಕ್ಕ ಕ್ಯಾಶುವಾಲ್ಟಿಯಲ್ಲಿ ಶುರುವಾಗಲಿ

ಮಾನ್ಯರೇ,

ಹುಡುಗರ ಹೊಡೆದಾಟ ಸುದ್ದಿಯಾದಾಗಲೆಲ್ಲ ತುಮಕೂರಿನಲ್ಲಿ ಒಂದು ವಾರ ಬೀಟ್ ಬಿಗಿಯಾಗುತ್ತದೆ, ಕಾಲೇಜಿನಲ್ಲೊಂದು ಉಪನ್ಯಾಸ ನಡೆಯುತ್ತದೆ, ಅಲ್ಲಿಗೆ ಮುಗಿಯಿತು. ಎಲ್ಲಿ, ಎಷ್ಟು ಹೊತ್ತಿಗೆ, ಏನು ಹಿಡಿದು ಹೊಡೆದಾಡುತ್ತಾರೆ ಎಂಬುದು ಠಾಣೆಯ ಪುಸ್ತಕದಲ್ಲಿ ಪೂರ್ತಿ ಸಿಗುವುದಿಲ್ಲ. ಉಳಿದದ್ದು ಆಸ್ಪತ್ರೆಯಲ್ಲಿ, ಹೊಲಿಗೆ ಹಾಕುವ ಮೇಜಿನ ಹತ್ತಿರ ಸಿಗುತ್ತದೆ.

ವೇಲ್ಸ್‌ನ ಕಾರ್ಡಿಫ್‌ನಲ್ಲಿ ಇದನ್ನು ಗುರುತಿಸಿದವರು ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸಕ ಜೊನಾಥನ್ ಶೆಫರ್ಡ್. ಏಟು ತಿಂದು ಬಂದವರಲ್ಲಿ ಬಹಳಷ್ಟು ಮಂದಿಯ ವಿಷಯ ಪೊಲೀಸರಿಗೆ ತಲುಪಿಯೇ ಇರಲಿಲ್ಲ. ಆಸ್ಪತ್ರೆಯವರು ಹೆಸರು ತೆಗೆದು ಜಾಗ, ದಿನ, ಹೊತ್ತು, ಆಯುಧ ಇಷ್ಟನ್ನು ಪೊಲೀಸರಿಗೂ ನಗರಾಡಳಿತಕ್ಕೂ ಕೊಡತೊಡಗಿದರು. ಅಂಥದ್ದೇ 14 ನಗರಗಳಿಗೆ ಹೋಲಿಸಿ ನೋಡಿದ 2011ರ ಅಧ್ಯಯನದಲ್ಲಿ, ಹಿಂಸೆಯಿಂದ ಗಾಯಗೊಂಡು ಒಳರೋಗಿಗಳಾಗುವವರ ಪ್ರಮಾಣ ಕಾರ್ಡಿಫ್‌ನಲ್ಲಿ ಶೇ 42ರಷ್ಟು ಕಡಿಮೆ ಇತ್ತು.

ತುಮಕೂರಿನ ಆಸ್ಪತ್ರೆಯಲ್ಲೂ ಹೀಗೆ ಲೆಕ್ಕ ಇಡಬಹುದು, ಆದರೆ ನಮ್ಮಲ್ಲಿ ತೊಡಕು ಬೇರೆ ಥರದ್ದು. ಹೊಡೆದಾಟ ಎಂದರೆ ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಆಗುತ್ತದೆ, ಪೊಲೀಸರು ಬರುತ್ತಾರೆ. ಹಾಗಾಗಿ ಬಾಟಲಿ ಏಟಿಗೂ ಹುಡುಗರು ‘ಬೈಕಿಂದ ಬಿದ್ದೆ ಸಾರ್’ ಅನ್ನುತ್ತಾರೆ. ಎಂಎಲ್‌ಸಿ ಕಾನೂನಿನ ಕೆಲಸ, ಅದು ನಡೆಯಲೇಬೇಕು. ಈ ಲೆಕ್ಕದ ಹಾಳೆ ಮಾತ್ರ ಬೇರೆ ಇರಲಿ. ಅದರಲ್ಲಿ ಹೆಸರು, ಫೋನ್ ನಂಬರ್, ಒಪಿಡಿ ಸಂಖ್ಯೆ ಯಾವುದೂ ಬೇಡ. ಜೊತೆಗೆ ಬಂದ ಗೆಳೆಯರನ್ನು ಹೊರಗೆ ಕೂರಿಸಿ, ಹೊಲಿಗೆ ಮುಗಿದ ಮೇಲೆ ನರ್ಸ್ ಕೇಳಲಿ. ಒಂದು ನಿಮಿಷದ ಕೆಲಸ. ‘ಶಿರಾ ಗೇಟ್’ ಎಂದಷ್ಟೇ ಬರೆದರೆ ಸಾಲದು, ಯಾವ ಅಂಗಡಿ ಮುಂದೆ, ಯಾವ ಅಡ್ಡರಸ್ತೆ ಎಂದು ಬರಬೇಕು. ಆಸ್ಪತ್ರೆಗೆ ಬಂದ ಹೊತ್ತಲ್ಲ, ಏಟು ಬಿದ್ದ ಹೊತ್ತು ಬೇಕು. ಇವೆರಡನ್ನು ಗಲಿಬಿಲಿ ಮಾಡಿದರೆ ಸಂಜೆ 5ರ ಜಗಳ ರಾತ್ರಿ 9ಕ್ಕೆ ದಾಖಲಾಗಿ, ಗಸ್ತು ತಪ್ಪು ಹೊತ್ತಿನಲ್ಲಿ ತಿರುಗುತ್ತದೆ. ಆಯುಧ ಯಾವುದು ಎಂಬುದಕ್ಕೆ ಕೈ, ಕಲ್ಲು, ಬಾಟಲಿ, ಚಾಕು, ಮಚ್ಚು ಎಂದು ಟಿಕ್ ಹಾಕುವ ಚೌಕಗಳಿದ್ದರೆ ಸಾಕು.

ತಿಂಗಳ ಮೊದಲ ವಾರ ಆಸ್ಪತ್ರೆ, ಪೊಲೀಸ್, ಪಾಲಿಕೆ, ಅಬಕಾರಿ, ಪಿಯು ಇಲಾಖೆಯವರು ಆ ಪಟ್ಟಿ ಮುಂದಿಟ್ಟುಕೊಂಡು ಕೂರಬೇಕು. ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಠಾಣೆಯಲ್ಲಿ ಇರಬೇಕಾದ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೂ ಇರಲಿ. ಪಟ್ಟಿ ನೋಡಿದರೆ ಕೆಲಸ ತಾನಾಗಿ ಹೊಳೆಯುತ್ತದೆ: ಒಂದು ಕಡೆ ಕೆಟ್ಟ ಬೀದಿದೀಪ, ಇನ್ನೊಂದು ಕಡೆ ಹೊತ್ತು ಮೀರಿ ತೆರೆದಿರುವ ಬಾರ್, ಮತ್ತೊಂದು ಕಡೆ ಕಾಲೇಜು ಬಿಟ್ಟು ಒಂದು ಗಂಟೆ ಬಸ್ಸಿಲ್ಲದೆ ನಿಲ್ಲುವ ಗುಂಪು. ಸಭೆ ಮೂರು ತಿಂಗಳಿಗೊಮ್ಮೆ ಆದರೆ ಚಹಾ ಬಿಸ್ಕತ್ತಿಗಷ್ಟೇ ಸೀಮಿತ. ಹುಡುಗರನ್ನು ಹಿಡಿದು ತರುವ ಪಟ್ಟಿಯಾಗಿ ಇದನ್ನು ಒಮ್ಮೆ ಬಳಸಿದರೂ ಮುಗಿಯಿತು, ಮರುದಿನದಿಂದ ಎಲ್ಲರೂ ಬೈಕಿಂದಲೇ ಬೀಳುತ್ತಾರೆ.

ಜೈಲು ತೋರಿಸಿ ಹೆದರಿಸುವ ಕಾರ್ಯಕ್ರಮ ಬೇಡವೇ ಬೇಡ. ಅಮೆರಿಕದಲ್ಲಿ ಅದನ್ನು ಪರೀಕ್ಷಿಸಿದಾಗ, ಹಾಗೆ ಹೋಗಿ ಬಂದ ಹುಡುಗರೇ ಹೋಗದವರಿಗಿಂತ ಹೆಚ್ಚು ತಪ್ಪು ಮಾಡಿದ್ದು ಕಂಡುಬಂತು. ಅದರ ಬದಲು ಷಿಕಾಗೋದ ಶಾಲೆಗಳಲ್ಲಿ, ದುಡುಕದೆ ತಡೆದು ಯೋಚಿಸುವುದನ್ನು ಹುಡುಗರಿಗೆ ಕಲಿಸಲು ವಾರಕ್ಕೊಂದು ತರಗತಿ ನಡೆಸಿದರು. ಒಬ್ಬನ ಮುಷ್ಟಿಯಲ್ಲಿ ಚೆಂಡು ಕೊಟ್ಟು, 30 ಸೆಕೆಂಡಿನಲ್ಲಿ ಅದನ್ನು ಪಡೆಯಲು ಜೊತೆಗಾರನಿಗೆ ಹೇಳುತ್ತಾರೆ. ಬಹುತೇಕರು ಬೆರಳು ತಿರುಚಿ ಕಿತ್ತಾಡುತ್ತಾರೆ. ಆಮೇಲೆ ಮೇಷ್ಟ್ರ ಪ್ರಶ್ನೆ: ‘ಕೊಡು ಅಂತ ಕೇಳಿದೆಯಾ?’ ತರಗತಿ ನಡೆದ ಅವಧಿಯಲ್ಲಿ, ಹಿಂಸೆಯ ಪ್ರಕರಣಗಳಲ್ಲಿ ಆ ಹುಡುಗರ ಬಂಧನ ಶೇ 45ರಿಂದ 50ರಷ್ಟು ಇಳಿಯಿತು. ಯುವಜನರಿಗೆ ಆಪ್ತಸಲಹೆ ಕೊಡುವ ನಮ್ಮ ರಾಜ್ಯದ ಯುವ ಸ್ಪಂದನ ಕಾರ್ಯಕ್ರಮದ ಕಾರ್ಯಕರ್ತರು ಕಲಿತು ನಡೆಸಬಹುದಾದ ಪಾಠ ಇದು. ಒಂದು ದಿನದ ಉಪನ್ಯಾಸಕ್ಕೆ ಆ ಶಕ್ತಿಯಿಲ್ಲ.

ಮೊದಲ ವರ್ಷ ಇಲ್ಲಿಯೂ ಕೋಲಾರದಲ್ಲಿಯೂ ಬರೀ ಲೆಕ್ಕ ಇಡಲಿ. ಎರಡನೇ ವರ್ಷ ತುಮಕೂರಿನಲ್ಲಷ್ಟೇ ಕ್ರಮ ಕೈಗೊಂಡು ಎರಡೂ ಊರಿನ ಅಂಕಿ ಪಕ್ಕಪಕ್ಕ ಇಡಲಿ. ಹೊಲಿಗೆ ಬೇಕಾದ ಗಾಯಗಳನ್ನೇ ಅಳತೆಗೆ ತೆಗೆದುಕೊಳ್ಳಬೇಕು. ದೂರಿನ ಸಂಖ್ಯೆಯನ್ನಲ್ಲ, ಕೆಲಸ ಸರಿಯಾಗಿ ನಡೆದರೆ ದೂರುಗಳು ಮೊದಮೊದಲು ಹೆಚ್ಚಾಗುತ್ತವೆ.

— ಸಮುದಾಯ ಆರೋಗ್ಯ ಕ್ಷೇತ್ರದ ಕೆಲವರು, ತುಮಕೂರು