ಅಕ್ಕಂಗೆ, ನಿನ್ನ ಭುಜದ ಗಾಯದ ಗುರುತಿನ ಬಗ್ಗೆ

ಪ್ರೀತಿಯ ಅಕ್ಕ,

ಭಾನುವಾರ ಫೋನಲ್ಲಿ ಕೇಳಿದ್ಯಲ್ಲ, ಆಪರೇಷನ್ ಆಗಿ ಇಷ್ಟು ತಿಂಗಳಾದ್ರೂ ಭುಜದ ಹತ್ರ ಹೊಲಿಗೆ ಹಾಕಿದ ಜಾಗ ಯಾಕೆ ಇನ್ನೂ ಗಟ್ಟಿಯಾಗಿ ಉಬ್ಕೊಂಡಿದೆ, ನೀನು ಅಲ್ಲಿ ಓದ್ತಿರೋದು ಇದನ್ನೇ ಅಲ್ವೇನೋ ಅಂತ. ಅಷ್ಟರಲ್ಲಿ ಅಮ್ಮ ಫೋನ್ ಇಸ್ಕೊಂಡ್ಲು, ಮಾತು ಅಲ್ಲೇ ನಿಂತೋಯ್ತು. ಅವತ್ತಿಂದ ತಲೇಲಿ ಅದೇ ಇದೆ, ಅದಕ್ಕೆ ಬರೀತಿದೀನಿ, ಪುರುಸೊತ್ತಾದಾಗ ಓದು.

ಹೌದು ಕಣೆ, ಅದೇ. ನಾನು ಲ್ಯಾಬಲ್ಲಿ ಬೆಳೆಸೋದು ಫೈಬ್ರೊಬ್ಲಾಸ್ಟ್ ಅನ್ನೋ ಸೆಲ್‌ಗಳನ್ನ. ಚರ್ಮದ ಒಳಪದರದಲ್ಲಿದ್ದು ಕೊಲಾಜೆನ್ ನೂಲು ಮಾಡೋದು ಇವೇ. ಗಾಯ ಆದ್ರೆ ಅಲ್ಲಿಗೆ ತೆವಳ್ಕೊಂಡು ಬಂದು ಸುತ್ತಲಿನ ನೂಲನ್ನ ಹಿಡಿದೆಳೆದು ಗಾಯದ ಬಾಯಿ ಕೂಡಿಸ್ತವೆ. ಡಿಶ್ಶಲ್ಲಿ 37 ಡಿಗ್ರೀಲಿ ಇಟ್ರೆ ತಳಕ್ಕೆ ಅಂಟ್ಕೊಂಡು ಉದ್ದುದ್ದಕ್ಕೆ ಚಾಚ್ಕೊಂಡಿರುತ್ವೆ, ಪ್ರೋಟೀನ್ ಕತ್ತರಿಸೋ ಟ್ರಿಪ್ಸಿನ್ ಅನ್ನೋ ಎಂಜೈಮು ಹಾಕಿದ ಕೆಲವೇ ನಿಮಿಷಕ್ಕೆ ಹಿಡಿತ ಬಿಟ್ಟು ಮಣಿ ಥರ ಗುಂಡಗಾಗಿ ತೇಲ್ತವೆ.

ಹಿಡ್ಕೊಳ್ಳೋ ಕೈ ಅಂದ್ರೆ ಇಂಟೆಗ್ರಿನ್ ಅನ್ನೋ ಪ್ರೋಟೀನು. ಒಂದು ತುದಿ ಹೊರಗೆ ಕೊಲಾಜೆನ್ನೋ, ಫೈಬ್ರೊನೆಕ್ಟಿನ್ ಅನ್ನೋ ಇನ್ನೊಂದು ನೂಲೋ ಹಿಡಿದಿರುತ್ತೆ, ಇನ್ನೊಂದು ತುದಿ ಸೆಲ್ ಒಳಗೆ. ಹಿಡಿತ ಇರೋವರೆಗೂ ಒಳಗಡೆ ಫ್ಯಾಕ್ ಅನ್ನೋ ಎಂಜೈಮು ಎಚ್ಚರವಾಗಿದ್ದು, ಬದುಕಿರು ಅನ್ನೋ ಸಿಗ್ನಲ್ ಕಳಿಸ್ತಾನೇ ಇರುತ್ತೆ. ಆ ಸಿಗ್ನಲ್ ನಿಂತ್ರೆ ಕ್ಯಾಸ್ಪೇಸ್ ಅನ್ನೋ ಕತ್ತರಿಗಳು ಚಾಲೂ ಆಗಿ ಸೆಲ್ಲು ತನ್ನನ್ನ ತಾನೇ ತುಂಡು ಮಾಡ್ಕೊಂಡು ಸಾಯುತ್ತೆ. ಹೀಗೆ ಹಿಡಿತ ತಪ್ಪಿ ಸಾಯೋದಕ್ಕೆ 1994ರಲ್ಲಿ ಫ್ರಿಶ್, ಫ್ರಾನ್ಸಿಸ್ ಅನ್ನೋ ಇಬ್ಬರು ಅನೊಯ್ಕಿಸ್ ಅಂತ ಹೆಸರಿಟ್ರು, ಗ್ರೀಕಲ್ಲಿ ಮನೆ ಇಲ್ಲದಿರೋದು ಅಂತ ಅರ್ಥ.

ಆದ್ರೆ ಅವರು ಅದನ್ನ ಕಂಡಿದ್ದು ಎಪಿಥೀಲಿಯಲ್ ಸೆಲ್‌ಗಳಲ್ಲಿ, ಅಂಗಗಳಿಗೆ ಒಳಪೊರೆ ಹಾಸೋ ಸೆಲ್‌ಗಳು, ಅವು ಎತ್ತಿದ್ರೆ ಬೇಗ ಸಾಯ್ತವೆ. ಫೈಬ್ರೊಬ್ಲಾಸ್ಟ್ ಹಾಗಲ್ಲ, ಗಟ್ಟಿ ಜೀವ. ಅಂಟದ ಪ್ಲೇಟಲ್ಲಿ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ನೋಡಿದೆ, ತುಂಬಾ ಸೆಲ್‌ಗಳು ಗುಂಡಗೆ ಹಾಗೇ ಬದುಕಿದ್ವು, ಇಬ್ಭಾಗ ಆಗೋದು ಮಾತ್ರ ನಿಲ್ಲಿಸಿಬಿಡ್ತವೆ. ಸೆಲ್‌ಗಳು ಬೆಳೀಲಿ ಅಂತ ಹಾಕಿರೋ ಸೀರಮ್ಮೂ (ರಕ್ತದ ತಿಳಿ ಭಾಗ) ತೆಗೆದ್ರೆ ಆಗ ಸಾಯೋಕೆ ಶುರು. ಗಾಯದಲ್ಲಿ ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಹಿಡಿದು ಓಡಾಡೋ ಸೆಲ್ಲಿಗೆ ಬಿಟ್ಟ ತಕ್ಷಣ ಸತ್ರೆ ಕೆಲಸ ನಡಿಯಲ್ವಲ್ಲ, ಅದಕ್ಕೇ ಹೀಗಿರಬೇಕು ಅಂತ ನಂಗನ್ಸುತ್ತೆ.

ನಿನ್ನ ಪ್ರಶ್ನೆಗೆ ಉತ್ತರ ಇರೋದು ಮುಂದಿನದ್ರಲ್ಲಿ. ಅಮೆರಿಕದ ಡಲ್ಲಾಸ್‌ನಲ್ಲಿ ಗ್ರಿನ್ನೆಲ್ ಅನ್ನೋರ ಲ್ಯಾಬಲ್ಲಿ 1990ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ್ರು, ನಾವೂ ಇಲ್ಲಿ ಅದನ್ನೇ ಮಾಡ್ತೀವಿ. ಕೊಲಾಜೆನ್ ಜೆಲ್ ಒಳಗೆ ಫೈಬ್ರೊಬ್ಲಾಸ್ಟ್ ಇಟ್ಟು ಜೆಲ್ಲನ್ನ ಡಿಶ್ಶಿಗೆ ಅಂಟಿಸಿರ್ತೀವಿ. ಸೆಲ್‌ಗಳು ಎಳೀತವೆ, ಅಂಚು ಜಗ್ಗಲ್ಲ, ದಿನ ಕಳೆದ ಹಾಗೆ ಬಿಗಿ ಏರುತ್ತೆ. ಆಮೇಲೆ ಅಂಚನ್ನ ಮೆಲ್ಲಗೆ ಬಿಡಿಸಿದ್ರೆ ಜೆಲ್ಲು ನಿಮಿಷಗಳಲ್ಲಿ ಮುದುಡಿಕೊಳ್ಳುತ್ತೆ, ಒಳಗಿನ ಸೆಲ್‌ಗಳು ಸಾಯೋಕೆ ಶುರು ಮಾಡ್ತವೆ. ಸುತ್ತ ಕೊಲಾಜೆನ್ ಇದೆ ಅಕ್ಕ, ಹಿಡ್ಕೊಂಡೂ ಇವೆ, ಹೋಗಿದ್ದು ಬಿಗಿ ಒಂದೇ! ಮೊದಲ ಸಲ ಕಣ್ಣಾರೆ ನೋಡಿದ ದಿನ ಮನೆಗೆ ಹೋಗೋಕೇ ಮನಸ್ಸಾಗಲಿಲ್ಲ.

ಗಾಯದಲ್ಲೂ ಹೆಚ್ಚುಕಮ್ಮಿ ಹಿಂಗೇ. ಬಾಯಿ ಮುಚ್ಚಿ ಎಳೆತ ಕಮ್ಮಿ ಆದ್ಮೇಲೆ ಎಳೆಯೋ ಸೆಲ್‌ಗಳು ಸತ್ತು ಜಾಗ ಖಾಲಿ ಮಾಡ್ತವೆ, ಉಳಿಯೋದು ಒಂದು ತೆಳು ಗೆರೆ. ಅವು ಸಾಯದೆ ಉಳಿದ್ರೆ ಕೊಲಾಜೆನ್ ಸುರೀತಾನೇ ಇರುತ್ವೆ, ಜಾಗ ಗಟ್ಟಿಯಾಗಿ ಉಬ್ಕೊಳ್ಳುತ್ತೆ. ಶ್ವಾಸಕೋಶ ಗಟ್ಟಿಯಾಗೋ ಫೈಬ್ರೋಸಿಸ್ ಕಾಯಿಲೇಲೂ ಸಾಯಬೇಕಾದ ಸೆಲ್ಲು ಸಾಯಲ್ಲ, ನಾನು ಈ ವಿಷಯ ಬಿಡದೆ ಹಿಡ್ಕೊಂಡಿರೋದು ಅದಕ್ಕೇ. ಭುಜ, ಎದೆ ಮಧ್ಯ, ಇಲ್ಲೆಲ್ಲಾ ಅಲುಗಾಡಿದಾಗಲೆಲ್ಲ ಚರ್ಮ ಎಳೀತಾನೇ ಇರುತ್ತೆ, ಸೆಲ್‌ಗಳಿಗೆ ಕೆಲಸ ಮುಗೀತು ಅನ್ನೋ ಸೂಚನೆ ಸಿಗೋದು ಕಷ್ಟ. ನಿಂದೂ ಅದೇ ಇರಬಹುದು, ಆದ್ರೆ ನಾನು ಡಾಕ್ಟರ್ ಅಲ್ಲ, ನೋಡೂ ಇಲ್ಲ. ಇಂಥ ಉಬ್ಬು ಎಷ್ಟೋ ಸಲ ತಾನಾಗೇ ನಿಧಾನಕ್ಕೆ ತಗ್ಗುತ್ತೆ, ಗಾಬರಿ ಬೇಡ. ಸಿಲಿಕೋನ್ ಶೀಟ್ ಹಾಕ್ಬೋದಾ, ಚರ್ಮ ಎಳೀದಂಗೆ ಟೇಪ್ ಹಾಕ್ಬೋದಾ ಅಂತ ಸ್ಕಿನ್ ಡಾಕ್ಟರ್‌ನ ಕೇಳು.

ಒಂದು ಮಾತ್ರ ಗಮನಿಸು, ಉಬ್ಬು ಹೊಲಿಗೆ ಗೆರೆ ಒಳಗೇ ಇದ್ಯಾ ಇಲ್ಲ ಪಕ್ಕದ ಒಳ್ಳೆ ಚರ್ಮಕ್ಕೂ ಹರಡ್ತಿದ್ಯಾ. ಹರಡ್ತಿದ್ರೆ ಅದು ಕೀಲಾಯ್ಡ್ ಇರಬಹುದು, ಅದಕ್ಕೆ ಟ್ರೀಟ್‌ಮೆಂಟೇ ಬೇರೆ. ಬೆಳಕಲ್ಲಿ ಒಂದು ಫೋಟೋ ತೆಗೆದು ಕಳ್ಸು, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗಿ.

ನಿನ್ನ ತಮ್ಮ