ಕೂಸಿಗೆ, ಆಪ್ಷನ್ ಎಂಟ್ರಿಗೆ ಮುಂಚೆ

ಸಾಗರ
ಮೇ ಕೊನೇ ವಾರ, 2026

ಪ್ರೀತಿಯ ಕೂಸಿಗೆ,

ಹಪ್ಪಳದ ಡಬ್ಬಿ ವಾಪಸ್ ಬಂತು. ಮುಚ್ಚಳದೊಳಗೆ ನೀನು ಮಡಚಿಟ್ಟ ಕಾಗದವೂ ಸಿಕ್ಕಿತು. ಡಬ್ಬಿ ತಂದುಕೊಟ್ಟ ನಿನ್ನಪ್ಪನಿಗೆ ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ.

ಮೂರು ಪುಟ ಓದಿದೆ. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ‘ಬೇರೆ ಊರಿಗೆ ಹೋದರೆ ಮರೆತೇಬಿಡ್ತಾರೆ, ಅಲ್ವಾ ಅತ್ತೆ?’ ಅಂತ, ಅದರಿಂದ ಮುಂದೆ ಹೋಗಲಾಗಲಿಲ್ಲ. ಆಮೇಲೆ ತಟ್ಟಿದ ಹಪ್ಪಳವೆಲ್ಲ ಒಂದು ಕಡೆ ತೆಳು, ಒಂದು ಕಡೆ ದಪ್ಪ.

‘ಛೆ, ಹಾಗೆಲ್ಲ ಮರೆಯಲ್ಲ’ ಅಂತ ಬರೆಯೋಣ ಅಂತಲೇ ಕೂತೆ. ಬರೆಯಲಾಗಲಿಲ್ಲ. ಯಾಕೆಂದರೆ, ಕೂಸೇ, ಮರೆತವಳು ನಾನು.

ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಗೆಳತಿ ಒಬ್ಬಳಿದ್ದಳು. ನಮ್ಮ ಬೀದಿಯಲ್ಲೇ ಅವಳ ಚಿಕ್ಕಮ್ಮನ ಮನೆ, ಅಲ್ಲಿದ್ದುಕೊಂಡು ನನ್ನ ಜೊತೆ ಪಿಯುಸಿ ಓದಿದಳು. ಶನಿವಾರ ಕ್ಲಾಸು ಮುಗಿದದ್ದೇ ಹೊಳೆಬಾಗಿಲಿಗೆ ಓಡುವಳು, ಸಂಜೆಯ ಲಾಂಚ್ ತಪ್ಪಿದರೆ ಆ ರಾತ್ರಿ ಮನೆ ಸೇರುವಂತಿರಲಿಲ್ಲ. 1983ರಲ್ಲಿ ನಾನು ಡಿಗ್ರಿಗೆ ಮೈಸೂರಿಗೆ ಹೋದೆ. ಅವಳನ್ನು ಮನೆಯವರು ಮುಂದೆ ಕಳಿಸಲಿಲ್ಲ.

ಇನ್‌ಲ್ಯಾಂಡ್ ಕಾಗದ ಬರೆಯುತ್ತಿದ್ದಳು. ಜಾಗ ಸಾಲದೆ ಅಂಟು ಹಚ್ಚುವ ಅಂಚಿನ ಮೇಲೂ ಸಣ್ಣಕ್ಷರದಲ್ಲಿ ತುಂಬಿಸುವಳು, ಬಿಡಿಸುವಾಗ ಆ ಸಾಲೇ ಹರಿದುಹೋಗುತ್ತಿತ್ತು. ಮೊದಮೊದಲು ಚೂರು ಜೋಡಿಸಿ ಓದುತ್ತಿದ್ದೆ. ಎರಡನೇ ವರ್ಷಕ್ಕೆ ಜೋಡಿಸುವುದನ್ನು ಬಿಟ್ಟೆ. ಆಮೇಲೆ ಉತ್ತರ ಬರೆಯುವುದನ್ನೂ. ಜಗಳ ಇಲ್ಲ, ಮುನಿಸಿಲ್ಲ. ನಾಳೆ ಬರೆದರಾಯಿತು, ಅಷ್ಟೇ. ಅವಳ ಮದುವೆಗೂ ಹೋಗಲಿಲ್ಲ. ಪರೀಕ್ಷೆ ಇತ್ತು ಅಂತ ಮನೆಯಲ್ಲಿ ಹೇಳಿದ್ದೆ. ಪರೀಕ್ಷೆ ಮುಗಿದು ನಾಲ್ಕು ದಿನವಾಗಿತ್ತು.

ನೀನು ಬರೆದ ಆ ಹುಡುಗನ ವಿಷಯ ಕೇಳಿದರೆ ಅತ್ತೆ ಹಳೇ ಪುರಾಣ ತೆಗೆದಳು ಅನ್ನುತ್ತೀಯ. ಅವನನ್ನು ನಾನು ನೋಡಿಲ್ಲ, ಒಳ್ಳೆಯವನೇ ಇರಬಹುದು. ಮರೆಯುತ್ತಾನೋ ಇಲ್ಲವೋ ಅಂತ ನಾನು ಇಲ್ಲಿ ಕೂತು ಹೇಗೆ ಹೇಳಲಿ? ಹದಿನೆಂಟಕ್ಕೆ ಅದು ಅವನಿಗೇ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲವಲ್ಲ.

ಆದರೆ ಅವನು ಬೆಂಗಳೂರಲ್ಲಿ ಇಂಜಿನಿಯರಿಂಗ್ ಅಂದ ಅಂತ ಆಪ್ಷನ್ ಎಂಟ್ರಿಯಲ್ಲಿ, ಬೇಕಾದ ಕೋರ್ಸು-ಕಾಲೇಜು ಕ್ರಮವಾಗಿ ಬರೆಯುವ ಆ ಸಿಇಟಿ ಪಟ್ಟಿಯಲ್ಲಿ, ನೀನೂ ಅದನ್ನೇ ಮೇಲೆ ಹಾಕುತ್ತೀನಿ ಅಂದದ್ದು ಮಾತ್ರ ಹೊಟ್ಟೆಯಲ್ಲಿ ಕಿವುಚಿದಂತಾಯಿತು. ಆರನೇ ಕ್ಲಾಸಿಂದ ಕಾಡು, ಮರ ಅಂತ ಜಪ ಮಾಡಿದವಳು ನೀನು. ಶಿರಸಿ, ಪೊನ್ನಂಪೇಟೆ ಎರಡು ಕಡೆಯೂ ಫಾರೆಸ್ಟ್ರಿ ಇದೆ ಅಂತ ನನಗೆ ಹೇಳಿಕೊಟ್ಟವಳೂ ನೀನೇ. ಸೀಟು ಹಂಚುವ ಆ ಕಂಪ್ಯೂಟರು ರ‍್ಯಾಂಕ್ ನೋಡಿ ಪಟ್ಟಿಯನ್ನು ಮೇಲಿಂದ ಓದುತ್ತದಂತೆ, ಸೀಟು ಸಿಕ್ಕಲ್ಲಿ ನಿಲ್ಲುತ್ತದಂತೆ. ಕೆಳಗೆ ಬರೆದ ಕಾಡಿನವರೆಗೆ ಅದು ಬರುವುದೇ ಇಲ್ಲವಲ್ಲೇ. ಮಾಕ್ ಅಲಾಟ್‌ಮೆಂಟ್ ಅಂದರೆ ಮೊದಲು ಪ್ರಯೋಗಕ್ಕೆ ಮಾಡುವ ಸೀಟು ಹಂಚಿಕೆ, ಅದು ಆದಮೇಲೂ ಕ್ರಮ ಬದಲಿಸಬಹುದು ಅಂತ ಪಕ್ಕದ ಮನೆ ಹುಡುಗ ಹೇಳಿದ. ಸೀಟು ಸಿಕ್ಕಮೇಲೆ ‘ಚಾಯ್ಸ್ ಎರಡು’ ಅಂತ ಕೊಟ್ಟರೆ ಸಿಕ್ಕಿದ್ದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಕಾಯಬಹುದಂತೆ. ಇದೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಮಧ್ಯೆ ಬಾಯಿ ಹಾಕಿದೆ, ಬೇಜಾರಾಗಬೇಡ.

ಇನ್ನೊಂದು ಕೇಳಲಾ? ಮೂರು ಪುಟದಲ್ಲಿ ನಿನ್ನ ಗೆಳತಿಯ ಬಗ್ಗೆ ಇರುವುದು ಒಂದೇ ಸಾಲು. ‘ಅವಳು ಈಗ ಮಾತಾಡಲ್ಲ, ಪರವಾಗಿಲ್ಲ.’ ಹೋದ ರಜೆಯಲ್ಲಿ ನಮ್ಮನೆ ಜಗಲಿಯಲ್ಲಿ ನಿನ್ನ ಜೊತೆ ಅಪ್ಪೆಮಿಡಿ ಕಚ್ಚಿ ಹುಳಿಗೆ ಕಣ್ಣು ಮುಚ್ಚಿಕೊಂಡವಳು ತಾನೇ? ಮರೆತುಬಿಡ್ತಾರೆ ಅಂತ ಹೆದರಿ ಬರೆದಿದ್ದೀಯ. ಅವಳೂ ಹಾಗೇ ಯಾರಿಗಾದರೂ ಬರೆದಿರಬಹುದು, ನಿನ್ನ ಬಗ್ಗೆ.

ಹೋದ ವರ್ಷ ಜುಲೈಯಲ್ಲಿ, ಆ ಲಾಂಚ್ ದಾಟುತ್ತಿದ್ದ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತಲ್ಲ, ಡಿಸೆಂಬರಿನಲ್ಲಿ ಸಿಗಂದೂರಿಗೆ ಹೋದೆವು. ಎರಡೂವರೆ ಕಿಲೋಮೀಟರೂ ಇಲ್ಲ, ಕಾರು ಭರ‍್ರನೆ ದಾಟಿತು. ಬರುವಾಗ ಆ ಕಡೆ ಒಂದು ಹೋಟೆಲಿನಲ್ಲಿ ಟೀ ಕುಡಿದೆವು. ನನ್ನ ಆ ತುಮರಿ ಗೆಳತಿಯ ಮನೆ ಯಾವುದು ಅಂತ ಕೇಳೋಣ ಅಂತ ಎದ್ದೆ. ಮನೆ ಹೆಸರೇ ನೆನಪಿಗೆ ಬರಲಿಲ್ಲ. ನಿನ್ನ ಮಾವ ಕಾರು ತೆಗೆದರು, ಹತ್ತಿದೆ.

ಮಳೆ ಹಿಡಿಯದಿದ್ದರೆ ಸೋಮವಾರಕ್ಕೆ ಹಪ್ಪಳ ಒಣಗುತ್ತವೆ. ಈ ಸಲ ಎರಡು ಡಬ್ಬಿ ಕಳಿಸುತ್ತೇನೆ. ಒಂದನ್ನು ನಿನ್ನ ಗೆಳತಿಯ ಮನೆಗೆ ನೀನೇ ತೆಗೆದುಕೊಂಡು ಹೋಗು. ದಪ್ಪಗಿರುವವು ಕೆಳಗಿವೆ, ನಿಧಾನ ಉರಿಯಲ್ಲಿ ಕರಿಯಬೇಕು ಅಂತ ಅವಳಮ್ಮನಿಗೆ ಹೇಳು.

ನಿನ್ನ ಅತ್ತೆ